ಮುಳುಗಿದ ಕಾಡಿಗೆ ಹಾರಿದ ನೀರುಕಾಗೆ

ಸುದ್ದಿ ಬಂದದ್ದು ರಸೆಲ್ ಮಾರ್ಕೆಟ್‌ನ ಮೀನಿನ ಅಂಗಡಿಯಿಂದ.

ಅಂಗಡಿಯ ಶಫಿ ಕೆಂಚನಹೊಳೆ ಜಲಾಶಯದಿಂದ ಮೀನು ತರಿಸುತ್ತಿದ್ದ. ಅಲ್ಲಿನ ಬೆಸ್ತರು ಕಳಿಸಿದ ಫೋಟೋ ಫೋನಿಗೆ ಬಂದದ್ದೇ ತಡ, ತೂಗುತ್ತಿದ್ದ ಮೀನನ್ನು ತಕ್ಕಡಿಯಲ್ಲೇ ಬಿಟ್ಟು, ಶಿವಾಜಿನಗರದ ಗಲ್ಲಿಗಳನ್ನು ದಾಟಿ ಮಹೀನ್‌ಳ ಮನೆಗೆ ಓಡಿ ಬಂದ.

"ಆಪಾ, ಇದು ನಿಮ್ ಪ್ಲೇನೇ ಅಲ್ವಾ, ನೋಡಿ."

ಆ ಬೇಸಿಗೆಯಲ್ಲಿ ಜಲಾಶಯ ಹಿಂದೆಂದೂ ಇಳಿಯದಷ್ಟು ಇಳಿದಿತ್ತು. ಫೋಟೋದಲ್ಲಿ, ಬೋಳು ಮರದ ಬೊಡ್ಡೆಗಳ ನಡುವೆ, ಪಾಚಿ ಹಿಡಿದ ಬಿಳಿಯ ಬಾಲವೊಂದು ನೀರಿನಿಂದ ಮೇಲೆದ್ದು ನಿಂತಿತ್ತು. ಮಹೀನ್ ಫೋನನ್ನು ಅಣ್ಣ ಸೈಫ್‌ನ ಕೈಗೆ ಕೊಟ್ಟಳು. ಅವನು ಕೃತಕ ಕಾಲನ್ನು ಬಿಚ್ಚಿಟ್ಟು ಮಂಚದ ಮೇಲೆ ಕೂತಿದ್ದ. ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಮತ್ತೆ ನೋಡಿದ.

"ಹೌದು. ನನ್ ಕಾಲು ಹೋಗಿದ್ದು ಇದ್ರಲ್ಲೇ."

"ಈ ಫೋಟೋ ಇನ್ಯಾರ ಹತ್ರ ಇದೆ?" ಮಹೀನ್ ಶಫಿಯನ್ನು ಕೇಳಿದಳು.

"ಅಲ್ಲಿ ಎಲ್ರ ಫೋನಲ್ಲೂ ಓಡಾಡ್ತಿದೆ."

"ಹಂಗಾದ್ರೆ ನರೇಶ್‌ಗೂ ತಲುಪಿರುತ್ತೆ. ಅವನು ಹೋಗಿ ಒಡೆದು ಹಾಕೋಕ್ ಮುಂಚೆ ನಾವು ಅದರ ಹೊಟ್ಟೆ ಕೊಯ್ದು ತರ್ಬೇಕು."

ತಾಯಿ ಆಬಿದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ತಗೊಂಡ್ ಬಾ," ಎಂದರು. "ತಂದು ಅವನ ಮುಖದ ಮುಂದೆ ಇಡು."

ಆ ವಿಮಾನವನ್ನು ಕಟ್ಟಿದವರು ನಾಲ್ವರು. ಎರಡೇ ಸೀಟಿನ ಹಗುರ ವಿಮಾನ, ನೆಲದ ಮೇಲೂ ಇಳಿಯಬೇಕು, ನೀರಿನ ಮೇಲೂ ಇಳಿಯಬೇಕು. ವಿನ್ಯಾಸ ಮಹೀನ್‌ಳದು. ಕಗ್ಗದಾಸಪುರದ ಸುಗತ ಫೈಬರ್ ಒಡಲನ್ನು ಅಚ್ಚು ಹಾಕಿದ. ಹಾರಿಸಿದವನು ಸೈಫ್. ಬಂಡವಾಳದವರನ್ನು ಹಿಡಿದು ತರುವ ಕೆಲಸ ನರೇಶನದು.

ನೀರಿಗಿಳಿಯುವ ವಿಮಾನದ ಹೊಟ್ಟೆಯ ಅಡಿಯಲ್ಲಿ, ಅಡ್ಡಲಾಗಿ, ಮೆಟ್ಟಿಲಿನಂಥ ಒಂದು ಕಡಿತ ಇರುತ್ತದೆ. ವೇಗವಾಗಿ ಓಡುವಾಗ ನೀರು ಆ ಮೆಟ್ಟಿಲಿನಲ್ಲಿ ಕಳಚಿಕೊಳ್ಳುತ್ತದೆ. ಮೆಟ್ಟಿಲು ಇಲ್ಲದಿದ್ದರೆ ನೀರು ಹೊಟ್ಟೆಗೆ ಅಂಟಿಕೊಂಡು ಜಗ್ಗುತ್ತದೆ, ವಿಮಾನ ಕುಪ್ಪಳಿಸಿ ಮೂಗು ಮುಗ್ಗರಿಸುತ್ತದೆ. ಆದರೆ ಗಾಳಿಯಲ್ಲಿ ಅದೇ ಮೆಟ್ಟಿಲು ವೇಗವನ್ನು ತುಸು ತಿನ್ನುತ್ತದೆ. ಬಂಡವಾಳದವರ ಮುಂದೆ ಹೆಚ್ಚಿನ ವೇಗ ತೋರಿಸಬೇಕೆಂಬ ಆಸೆ ನರೇಶನಿಗೆ. ಪ್ರದರ್ಶನದ ಹಿಂದಿನ ದಿನ ಅವನು ಯಾರಿಗೂ ಹೇಳದೆ ಮೆಟ್ಟಿಲನ್ನು ಫೋಮ್ ತುಂಬಿಸಿ ನುಣುಪು ಮಾಡಿಸಿದ್ದಾನೆಂದು ಮಹೀನ್‌ಳಿಗೆ ಅನುಮಾನ. ಸೈಫ್ ಬರುವ ಹೊತ್ತಿಗೆ ವಿಮಾನವನ್ನು ನೀರಿಗೆ ಇಳಿಸಿಯಾಗಿತ್ತು. ಹೊಟ್ಟೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಸೈಫ್ ಜಲಾಶಯದ ದೂರದ ತುದಿಯಲ್ಲಿ ನೀರಿಗಿಳಿದ. ವಿಮಾನ ಮೂರು ಸಲ ಕುಪ್ಪಳಿಸಿ ತಲೆಕೆಳಗಾಗಿ ಮುಳುಗಿತು. ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲ ಕೆಳಗೆ ಕತ್ತರಿಸುತ್ತಿದ್ದಾಗ, ಹೊರಗೆ ನರೇಶ್ ಕ್ಯಾಮೆರಾಗಳ ಮುಂದೆ ನಿಂತು ಹೇಳಿದ: "ಪೈಲಟ್ ಚಕ್ರ ಮೇಲೆತ್ತೋದನ್ನ ಮರೆತು ನೀರಿಗೆ ಇಳಿದ್ರು. ಬಹಳ ಬೇಜಾರಿನ ಸಂಗತಿ."

ಚಕ್ರ ಕೆಳಗಿದ್ದರೆ ಯಾವ ವಿಮಾನವಾದರೂ ನೀರಿನಲ್ಲಿ ಪಲ್ಟಿ ಹೊಡೆಯುತ್ತದೆ, ಹಾಗಾಗಿ ಎಲ್ಲರೂ ನಂಬಿದರು. ವಿಮಾನ ಆಳದಲ್ಲಿದೆ, ಎತ್ತಲಾಗದು ಎಂದು ವರದಿ ಮುಗಿಯಿತು. ಸೈಫ್‌ನ ಲೈಸೆನ್ಸ್ ಹೋಯಿತು. ಮಸೀದಿ ರಸ್ತೆಯ ಚಹಾ ಅಂಗಡಿಯಲ್ಲಿ ಅವನಿಗೆ 'ಚಕ್ರ ಮರೆತವನು' ಎಂಬ ಹೆಸರು ಬಿತ್ತು. ನರೇಶ್ ಇಂದಿರಾನಗರದ ಹಂಡ್ರೆಡ್ ಫೀಟ್ ರಸ್ತೆಯಲ್ಲಿ ಗಾಜಿನ ಆಫೀಸು ತೆರೆದು, ಮಹೀನ್‌ಳ ವಿನ್ಯಾಸವನ್ನೇ ತನ್ನದೆಂದು ಮಾರಲು ಕೂತ.

ಮಹೀನ್ ಮೊದಲಿನಿಂದ ಶುರುಮಾಡಿದಳು. ಹೊರಮಾವಿನಲ್ಲಿ ಮುನಿರಾಜಪ್ಪ ಎಂಬವರ ಹಳೆಯ ಶೆಡ್ಡು ಬಾಡಿಗೆಗೆ ಸಿಕ್ಕಿತು. ಹೊಸ ಒಡಲಿನ ಮರದ ಮಾದರಿಯನ್ನು ಹಲಸೂರು ಕೆರೆಯಲ್ಲಿ ದೋಣಿಯ ಹಿಂದೆ ಎಳೆದು, ನೀರು ಎಲ್ಲಿ ಕಳಚುತ್ತದೆಂದು ನೋಡಿ, ಮತ್ತೆ ಕೆತ್ತಿ, ಮತ್ತೆ ಎಳೆದರು. ಅವಳು ಅಣ್ಣ ಹೇಳಿಕೊಟ್ಟಂತೆ, ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರುವುದನ್ನೂ ಕಲಿತು ಲೈಸೆನ್ಸ್ ಪಡೆದಳು. ಫೈಬರ್ ಬಟ್ಟೆಯ ಒಂದೊಂದು ಪದರ ಹಾಸಿ ರೆಸಿನ್ ಅಂಟು ಬಳಿಯುವಾಗಲೂ ಅವಳ ತಲೆಯಲ್ಲಿ ನರೇಶನ ಮುಖವಿರುತ್ತಿತ್ತು.

"ರೆಸಿನ್‌ಗಿಂತ ನಿನ್ ಸಿಟ್ಟೇ ಬೇಗ ಗಟ್ಟಿಯಾಗುತ್ತೆ ಗುರು," ಎನ್ನುತ್ತಿದ್ದ ಸುಗತ.

ಒಡಲಿನ ನೆತ್ತಿಗೆ ರೆಕ್ಕೆ, ಅದು ನೀರಿನಲ್ಲಿ ಮುಳುಗದಂತೆ ತುದಿಗಳಲ್ಲಿ ಪುಟ್ಟ ತೇಲುಬುಂಡೆಗಳು, ಬೆನ್ನ ಹಿಂದೆ ಇಂಜಿನ್. ಕಪ್ಪು ಬಣ್ಣ ಬಳಿದು ಅದಕ್ಕೆ 'ನೀರುಕಾಗೆ' ಎಂದು ಹೆಸರಿಟ್ಟರು. ನೀರಿನ ಪರೀಕ್ಷೆಗೆ ಕೆಂಚನಹೊಳೆಯಲ್ಲೇ ಅನುಮತಿ ಸಿಕ್ಕಿತ್ತು. ಶಫಿ ಫೋಟೋ ತಂದ ಮರುದಿನವೇ ರೆಕ್ಕೆ ಮಡಚಿದ ನೀರುಕಾಗೆ ಲಾರಿ ಹತ್ತಿ, ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊರಟಿತು.

ಜಲಾಶಯದ ಈ ದಡದಲ್ಲಿ ಬೆಸ್ತರ ಹತ್ತಾರು ಗುಡಿಸಲುಗಳು, ಮಗುಚಿಟ್ಟ ತೆಪ್ಪಗಳು, ಬಿಸಿಲಿಗೆ ಹರಡಿದ ಬಲೆಗಳು. ನೀರು ಹಿಂದೆ ಸರಿದು ಬಿಟ್ಟುಹೋದ ಕೆಸರಿನ ಅಗಲವಾದ ಪಟ್ಟಿಯಲ್ಲಿ ಕೊಕ್ಕರೆಗಳು ಓಡಾಡುತ್ತಿದ್ದವು. ಎದುರಿಗೆ ನೀರು, ನೀರಿನಾಚೆ ನೀಲಿ ಗುಡ್ಡಗಳು, ಆ ಗುಡ್ಡಗಳ ಸಂದಿಯಲ್ಲಿ ಬಹುದೂರಕ್ಕೆ ಮುಳುಗಿದ ಕಾಡು. ಅಣೆಕಟ್ಟು ಕಟ್ಟಿದಾಗ ಕಡಿಯದೆ ಬಿಟ್ಟ ಮರಗಳು ನಿಂತಲ್ಲೇ ಸತ್ತು ಬೊಡ್ಡೆಗಳಾಗಿದ್ದವು. ಅಲ್ಲಿಗೆ ರಸ್ತೆಯಿಲ್ಲ. ಮಧ್ಯಾಹ್ನದ ಗಾಳಿಗೂ ಮೊಸಳೆಗೂ ಹೆದರಿ ತೆಪ್ಪಗಳೂ ಅಪರೂಪಕ್ಕೆ ಹೋಗುತ್ತಿದ್ದವು.

"ಬೆಳಿಗ್ಗೆನೇ ಒಬ್ರು ಮೋಟಾರ್ ಬೋಟ್ ತಗೊಂಡು ಆ ಕಡೆ ಹೋದ್ರು," ಎಂದ ಒಬ್ಬ ಬೆಸ್ತ. "ಜೊತೆಗೆ ಬರ್ತೀವಿ ಅಂದ್ರೆ ಯಾರೂ ಬೇಡ ಅಂದ್ಬಿಟ್ರು. ದೊಡ್ಡ ಸುತ್ತಿಗೆ ಇಟ್ಕೊಂಡಿದ್ರು. ಇನ್ನೂ ಬಂದಿಲ್ಲ."

ಮಹೀನ್, ಸುಗತ ಒಬ್ಬರನ್ನೊಬ್ಬರು ನೋಡಿಕೊಂಡರು.

"ವಿಮಾನ ಹತ್ತು," ಎಂದಳು ಅವಳು.

ಸೈಫ್ ರೇಡಿಯೋ ಹಿಡಿದು ದಡದಲ್ಲೇ ನಿಂತ. "ಮಹೀನ್, ಪಶ್ಚಿಮದ ಕಡೆ ಮೋಡ ನೋಡ್ಕೋ. ಗಾಳಿ ಎದ್ರೆ ತಡ ಮಾಡ್ಬೇಡ."

"ಬರೋವಾಗ ನಿಂಗೊಂದು ಚಕ್ರ ತರ್ತೀನಿ ಭಾಯಿ," ಎಂದು ಅವಳು ಗಾಜಿನ ಮುಚ್ಚಳ ಎಳೆದುಕೊಂಡಳು.

ನೀರುಕಾಗೆ ಕೆಸರಿನಿಂದ ಉರುಳುತ್ತ ನೀರಿಗಿಳಿಯಿತು. ಚಕ್ರಗಳು ಹೊಟ್ಟೆಯೊಳಗೆ ಮಡಚಿಕೊಂಡವು. ಇಂಜಿನ್ ಗರ್ಜಿಸಿತು. ಒಡಲು ನೀರನ್ನು ಸೀಳುತ್ತ, ಮೆಲ್ಲಗೆ ಮೇಲೇರಿ, ಮೆಟ್ಟಿಲಿನ ಮೇಲೆ ಜಾರತೊಡಗಿ, ಕೊನೆಗೆ ಹನಿ ಉದುರಿಸುತ್ತ ಗಾಳಿಗೆ ಬಿದ್ದಿತು. ಸುಗತ "ಹೋಯ್!" ಎಂದು ಕೂಗಿ ಸೀಟನ್ನು ಗುದ್ದಿದ. ಮಹೀನ್ ನಗಲಿಲ್ಲ.

ಮೇಲಿನಿಂದ ಮುಳುಗಿದ ಕಾಡು ನೀರಿಗೆ ಚುಚ್ಚಿದ ಸಾವಿರಾರು ಕಪ್ಪು ಮೊಳೆಗಳಂತೆ ಕಂಡಿತು. ಎಲ್ಲಿ ಇಳಿದರೂ ಹೊಟ್ಟೆ ಸೀಳಿಹೋಗುವುದು ಖಂಡಿತ. ಅವಳು ಎರಡು ಸುತ್ತು ಹಾಕಿದಳು. ಆಗ ಬೊಡ್ಡೆಗಳ ನಡುವೆ ನೇರವಾಗಿ ಹಾಯ್ದ ಒಂದು ಖಾಲಿ ಪಟ್ಟಿ ಕಾಣಿಸಿತು.

"ಅದೇನದು?"

"ಹಳೇ ಗಾಡಿದಾರಿ ಇರ್ಬೇಕು," ಎಂದ ಸುಗತ. "ದಾರಿ ಮೇಲೆ ಮರ ಇರಲ್ವಲ್ಲ. ಆದ್ರೆ ಅಗಲ ಸಾಲುತ್ತಾ?"

"ಸಾಲ್ಬೇಕು."

ಅವಳು ಇಳಿಸಿದಳು. ಎರಡೂ ಕಡೆ ಬೊಡ್ಡೆಗಳು ಹಾರಿ ಹಿಂದಕ್ಕೆ ಹೋದವು. ರೆಕ್ಕೆಯ ತುದಿಗೂ ಒಂದು ಒಣ ಕೊಂಬೆಗೂ ನಡುವೆ ಒಂದು ಮೊಳ ಅಂತರವೂ ಇರಲಿಲ್ಲ. ಒಡಲು ನೀರನ್ನು ಮುಟ್ಟಿ ಒಮ್ಮೆಯೂ ಕುಪ್ಪಳಿಸದೆ ನಿಂತಿತು.

ಬಿಳಿಯ ಬಾಲ ಅಲ್ಲೇ ಇತ್ತು. ಬಾಲವನ್ನು ತಬ್ಬಿಕೊಂಡು ಒಬ್ಬ ಮನುಷ್ಯನೂ ಕೂತಿದ್ದ.

ನರೇಶ್. ಅವನ ಬೋಟು ನೀರಿನೊಳಗಿನ ಬೊಡ್ಡೆಗೆ ಬಡಿದು ಹರಿದು ಮುಳುಗಿತ್ತು. ಎಡಗೈ ಮುರಿದು ಜೋತುಬಿದ್ದಿತ್ತು. ಸುತ್ತಿಗೆ ಮಾತ್ರ ಬಾಲದ ಮೇಲೆ ಪಕ್ಕದಲ್ಲೇ ಇತ್ತು. ಬಂದವರು ಯಾರೆಂದು ಗುರುತು ಹತ್ತಿದಾಗ ಅವನ ಮುಖದ ಮೇಲಿನ ಆಸೆ ಬತ್ತಿತು.

"ಮಹೀನ್... ಪ್ಲೀಸ್. ನೀರಲ್ಲಿ ಮೊಸಳೆ ಇದೆ."

ಮಹೀನ್ ಇಂಜಿನ್ ಆರಿಸಿ ಮುಚ್ಚಳ ತೆರೆದಳು. ಈ ಮುಖವನ್ನು ಎದುರಿಗೆ ಹೀಗೆ ಕಾಣಬೇಕೆಂದು ಅವಳು ಎಷ್ಟು ಸಲ ಬಯಸಿದ್ದಳೋ! ಅವಳಿಗೆ ಕನಿಕರ ಹುಟ್ಟಲಿಲ್ಲ. ಅವಳು ಫೋನ್ ಹೊರತೆಗೆದಳು.

"ಆ ಸುತ್ತಿಗೆ ಕೈಗೆ ತಗೋ."

"ಏನು?"

"ಸುತ್ತಿಗೆ ಹಿಡ್ಕೋ. ಎದೆ ಹತ್ರ. ಕ್ಯಾಮೆರಾ ಅಂದ್ರೆ ನಿಂಗಿಷ್ಟ ಅಲ್ವಾ? ಈ ಕಡೆ ನೋಡು."

ಅವನು ಬಲಗೈಯಿಂದ ಹಿಡಿದುಕೊಂಡ. ಅವಳು ಮೂರು ಫೋಟೋ ತೆಗೆದಳು.

ಸುಗತ ಅವನಿಗೆ ನೀರಿನ ಬಾಟಲಿ ಎಸೆದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬ್ಯಾಟರಿ ಗರಗಸ ಹಿಡಿದು ಸತ್ತ ವಿಮಾನದ ಮೇಲಿಳಿದ. ಅದು ತಲೆಕೆಳಗಾಗಿ, ಮೂಗು ಕೆಸರಿಗೆ ಹೂತು ಕೂತದ್ದರಿಂದ ಹೊಟ್ಟೆ ಮೇಲ್ಮುಖವಾಗಿ, ಮಂಡಿಯಾಳದ ನೀರಿನಲ್ಲಿತ್ತು. ಅವನು ಕೈಯಿಂದ ಪಾಚಿ ಒರೆಸಿದ. ಒರೆಸಿದಲ್ಲಿ ಬಗ್ಗಿ ನೋಡಿದ.

"ಮಹೀನ್, ಚಕ್ರ ಒಳಗಿದೆ. ಕೊಂಡಿ ಹಾಕ್ಕೊಂಡಿದೆ. ಪೂರ್ತಿ ಮೇಲಿದೆ."

"ಮೆಟ್ಟಿಲು?"

"ಮೆಟ್ಟಿಲೇ ಇಲ್ಲ. ತುಂಬ್ಸಿಬಿಟ್ಟಿದ್ದಾನೆ. ನಾನು ಹಾಕಿದ ಫೋಮೂ ಅಲ್ಲ ಇದು, ಬೇರೆ ಬಣ್ಣ."

ಮಹೀನ್ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡಳು. "ಎರಡೂ ಸೇರೋ ಹಾಗೆ ಕೊಯ್ಯಿ."

ಗರಗಸ ಕಿರುಚಿತು. ಚಕ್ರದ ಗೂಡು, ಅದರ ಪಕ್ಕದ ಮೆಟ್ಟಿಲಿನ ತುಂಡು, ಎರಡೂ ಒಂದೇ ಹೋಳಾಗಿ ಬರತೊಡಗಿದವು. ಕೊಯ್ತ ಮುಗಿಯುತ್ತ ಬಂದಾಗ ನರೇಶ್ ಚೀರಿದ.

"ಹಿಂದೆ! ಸುಗತಾ, ನಿನ್ ಹಿಂದೆ!"

ಬೊಡ್ಡೆಯೆಂದುಕೊಂಡಿದ್ದ ಒಂದು ಆಕಾರ ಚಲಿಸುತ್ತಿತ್ತು.

ಮಹೀನ್ ಹಗ್ಗ ಎಳೆದಳು. ಸುಗತ ಹೋಳನ್ನು ಅಪ್ಪಿಕೊಂಡೇ ನೆಗೆದ. ಮೊಸಳೆಯ ಬಾಯಿ ಅವನು ನಿಂತಿದ್ದ ಜಾಗದಲ್ಲಿ ಗರಗಸವನ್ನು ಕಚ್ಚಿತು. ಗರಗಸ ಇನ್ನೂ ತಿರುಗುತ್ತಿತ್ತು. ನೀರು ಕದಡಿ ಕೆಸರು ಹಾರಿತು. ಪ್ರಾಣಿ ಬಾಲ ಬೀಸಿ ಬೊಡ್ಡೆಗಳ ನಡುವೆ ಮಾಯವಾಯಿತು. ಸುಗತ ನೀರುಕಾಗೆಯ ಅಂಚಿಗೆ ಜೋತು, ಹೋಳನ್ನು ಒಳಗೆ ದೂಡಿ, ತಾನೂ ಉರುಳಿ ಬಿದ್ದ.

"ಗರಗಸ ಹೋಯ್ತು," ಎಂದ ಏದುಸಿರು ಬಿಡುತ್ತ.

"ಹೋಗ್ಲಿ ಬಿಡು."

ರೇಡಿಯೋ ಕರೆಯಿತು. "ಮಹೀನ್, ಗಾಳಿ ಎದ್ದಿದೆ. ಮೋಡ ಅರ್ಧ ಆಕಾಶಕ್ಕೆ ಬಂತು. ಹೊರಡಿ," ಎಂದ ಸೈಫ್.

ಸೀಟು ಎರಡೇ. ಜನ ಮೂವರು, ಜೊತೆಗೆ ಕೆಸರು ತುಂಬಿದ ಭಾರವಾದ ಹೋಳು. ಈ ತೂಕ ಹೊತ್ತು ಅಷ್ಟು ಸಣ್ಣ ದಾರಿಯಲ್ಲಿ ನೀರುಕಾಗೆ ಏಳಲಾರದೆಂದು ಮಹೀನ್‌ಳಿಗೆ ಗೊತ್ತಿತ್ತು. ಅವಳು ಬಾಲದ ಮೇಲೆ ಕೂತವನನ್ನು ನೋಡಿದಳು. ಬಿಟ್ಟು ಹೋದರೆ ಯಾರೂ ಕೇಳುವಂತಿರಲಿಲ್ಲ. ಒಬ್ಬನೇ ಬಂದಿದ್ದ, ಯಾರೂ ಬೇಡವೆಂದು ತಾನೇ ಹೇಳಿ ಬಂದಿದ್ದ. ಗಾಳಿ ಏಳುತ್ತಿತ್ತು. ಆ ಆಸೆ ಅವಳ ಎದೆಯಲ್ಲಿ ಬೆಚ್ಚಗೆ ಕೂತಿತು, ಅದನ್ನು ಕೆಳಗಿಳಿಸಲು ಅವಳಿಗೆ ಮನಸ್ಸೇ ಬರಲಿಲ್ಲ.

"ನನ್ನ ಬಿಟ್ಟು ಹೋಗ್ಬೇಡ," ನರೇಶ್ ಅಳುತ್ತಿದ್ದ.

"ನನ್ ಅಣ್ಣನ್ನ ನೀನು ಬಿಟ್ಟು ಹೋಗಿದ್ದೆ."

ಸುಗತ ಅವಳ ಮುಖ ನೋಡಿದ. "ನಿನ್ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಇವನು ಸತ್ರೆ ಸೈಫ್ ಮುಂದೆ ನಿಂತು ಹೇಳಿದ್ದು ಸುಳ್ಳು ಅಂತ ಒಪ್ಕೊಳ್ಳೋರು ಯಾರು? ಹಾರೋಕ್ ಆಗ್ದಿದ್ರೆ ಬೇಡ. ಇದು ದೋಣಿನೂ ಹೌದಲ್ವಾ?"

ಮಹೀನ್ ಸುಗತನ ಸೊಂಟದ ಹಗ್ಗ ಬಿಚ್ಚಿದಳು. ಆಮೇಲೆ ಅದನ್ನು ನರೇಶನ ಕಡೆ ಎಸೆದಳು.

ಸುಗತ ತನ್ನ ಸೀಟನ್ನು ನರೇಶನಿಗೆ ಬಿಟ್ಟು, ಅದರ ಹಿಂದೆ ಸಾಮಾನಿಡುವ ಜಾಗದಲ್ಲಿ ಮಡಚಿಕೊಂಡು ಕೂತ. ಹೋಳಿಗೆ ಅಲ್ಲಿ ಜಾಗ ಉಳಿಯಲಿಲ್ಲ. ಮಹೀನ್ ಅದನ್ನು ಎತ್ತಿ ನರೇಶನ ತೊಡೆಯ ಮೇಲೆ ಇಟ್ಟಳು. ಕೆಸರು ಅವನ ಅಂಗಿಯ ಮೇಲೆ ಇಳಿಯಿತು.

"ಒಂದು ಕೈ ಇದೆಯಲ್ಲ, ಭದ್ರವಾಗಿ ಹಿಡ್ಕೋ. ಇದು ನೀರಿಗೆ ಬಿದ್ರೆ ಹಿಂದೇನೇ ನೀನೂ ಬೀಳ್ತೀಯ."

ಗಾಡಿದಾರಿಯಿಂದ ಹೊರಬೀಳುವ ಹೊತ್ತಿಗೆ ಜಲಾಶಯದ ಬಣ್ಣವೇ ಬದಲಾಗಿತ್ತು. ಬರುವಾಗ ಕನ್ನಡಿಯಂತಿದ್ದ ನೀರು ಈಗ ಬೂದಿ ಬಣ್ಣಕ್ಕೆ ತಿರುಗಿ, ಸಾಲು ಸಾಲಾಗಿ ಎದ್ದು ಬರುತ್ತಿತ್ತು. ಅಲೆಗಳ ನೆತ್ತಿಯಲ್ಲಿ ಬಿಳಿ ನೊರೆ. ಗುಡ್ಡಗಳು ಮಳೆಯ ಪರದೆಯ ಹಿಂದೆ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಬೆಸ್ತರ ದಡ ಕಾಣುತ್ತಲೇ ಇರಲಿಲ್ಲ.

ಅವಳು ಇಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟಳು. ತೂಕ ಹೊತ್ತ ಒಡಲು ಒದ್ದಾಡಿತು, ಮೂಗು ಎತ್ತಿತು, ಕೊನೆಗೂ ಮೆಟ್ಟಿಲೇರಿ ಅಲೆಗಳ ನೆತ್ತಿಯ ಮೇಲೆ ಓಡತೊಡಗಿತು. ಧಡ್, ಧಡ್, ಧಡ್. ಪ್ರತಿ ಅಲೆಯೂ ಬೆನ್ನುಮೂಳೆಗೆ ಬಡಿಯುತ್ತಿತ್ತು.

ಆಗ ಎಡಗಡೆ ಒಂದು ಬೊಡ್ಡೆ.

ಅವಳು ತಿರುಗಿಸಿದಳು. ಒಡಲು ತಪ್ಪಿಸಿಕೊಂಡಿತು. ಎಡ ತೇಲುಬುಂಡೆ ತಪ್ಪಿಸಿಕೊಳ್ಳಲಿಲ್ಲ. ಟಪ್ ಎಂದು ಸೀಳಿತು.

"ಬಿರುಕು ಬಿಟ್ಟಿದೆ!" ಹಿಂದಿನಿಂದ ಸುಗತ ಕೂಗಿದ. "ನಿಧಾನ ಮಾಡಿದ್ರೆ ನೀರು ತುಂಬ್ಕೊಂಡು ರೆಕ್ಕೆ ಮುಳುಗುತ್ತೆ."

"ಹಂಗಾದ್ರೆ ನಿಧಾನ ಮಾಡಲ್ಲ."

ಈ ವೇಗದಲ್ಲಿ ಗಾಳಿಯೇ ರೆಕ್ಕೆಯನ್ನು ಎತ್ತಿ ಹಿಡಿದಿತ್ತು. ವೇಗ ಇಳಿದರೆ ಪಲ್ಟಿ. ಆದರೆ ಇಂಜಿನ್‌ನ ಕಾವು ಏರುತ್ತಿತ್ತು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು, ಮುಟ್ಟಿತು, ದಾಟಿತು. ಮಳೆ ಗಾಜಿಗೆ ಜಲ್ಲಿಕಲ್ಲಿನಂತೆ ಬಡಿಯಿತು. ಅವಳ ತೋಳುಗಳು ಮರಗಟ್ಟಿದವು.

ಪಕ್ಕದಲ್ಲಿ ನರೇಶ್ ಪ್ರತಿ ಹೊಡೆತಕ್ಕೂ ನರಳುತ್ತಿದ್ದ. ಆದರೂ ಅವನ ಕಣ್ಣು ವಿಮಾನದ ಮೂಗಿನ ಮೇಲಿತ್ತು. "ಇಷ್ಟು ಅಲೆ ಇದೆ," ಎಂದ ಮೆಲ್ಲಗೆ, "ಒಂದ್ಸಲನೂ ಕುಪ್ಪಳಿಸ್ತಿಲ್ಲ."

"ಮೆಟ್ಟಿಲು ಮುಚ್ಚಿಲ್ವಲ್ಲ, ಅದಕ್ಕೆ."

ಅವನು ತೊಡೆಯ ಮೇಲಿನ ಹೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಭಾಯಿ, ದಡ ಕಾಣ್ತಿಲ್ಲ," ಎಂದಳು ಮಹೀನ್ ರೇಡಿಯೋದಲ್ಲಿ. "ಎಡ ಬುಂಡೆ ಹೋಗಿದೆ. ನಿಲ್ಸೋಕ್ ಆಗಲ್ಲ. ನಿಲ್ಸದೆ ಚಕ್ರ ಇಳಿಸೋಕೂ ಆಗಲ್ಲ."

ಸೈಫ್‌ನ ದನಿ ಕ್ಯಾಂಟೀನಿನಲ್ಲಿ ಚಹಾ ಹೇಳುವಷ್ಟು ನಿರಾಳವಾಗಿ ಬಂತು. "ಚಕ್ರ ಬೇಡ. ಹೊಟ್ಟೆ ಮೇಲೆ ಬಾ. ಸದ್ದು ಕೇಳ್ತಿದೆ ನಂಗೆ. ಸ್ವಲ್ಪ ಬಲಕ್ಕೆ... ಇನ್ನೂ. ತೆಪ್ಪಗಳ ಪಕ್ಕ ಕೆಸರು ಮೆತ್ತಗಿದೆ, ಕಲ್ಲಿಲ್ಲ, ನಾನೇ ನಡೆದು ನೋಡಿದೀನಿ. ಅಲ್ಲಿ ಕಟ್ಟಿರೋ ಕೆಂಪು ಬಟ್ಟೆ ಕಾಣ್ತಾ?"

ಮಳೆಯೊಳಗೆ ಒಂದು ಕೆಂಪು ಚುಕ್ಕಿ.

"ಕಾಣ್ತು!"

"ಅದ್ರ ಮೇಲೇ ಬಾ. ನಾನ್ ಹೇಳಿದಾಗ ಇಂಜಿನ್ ಆರ್ಸು. ಈಗಲ್ಲ... ಈಗಲ್ಲ... ಈಗ!"

ಸದ್ದು ನಿಂತಿತು. ನೀರುಕಾಗೆ ನೀರಿನಿಂದ ಕೆಸರಿಗೆ ಹಾರಿ, ಕೆಸರಿನ ಎರಡು ದೊಡ್ಡ ರೆಕ್ಕೆಗಳನ್ನು ಎಬ್ಬಿಸುತ್ತ ಜಾರಿ, ಒಂದು ತೆಪ್ಪವನ್ನು ಪಕ್ಕಕ್ಕೆ ಒಗೆದು, ಓರೆಯಾಗಿ ನಿಂತಿತು. ಇಂಜಿನ್‌ನಿಂದ ಹಬೆ ಏಳುತ್ತಿತ್ತು. ಬೆಸ್ತರೆಲ್ಲ ಓಡಿ ಬಂದರು, ಅರ್ಧ ಜನರ ಕೈಯಲ್ಲಿ ಫೋನು. ಎಲ್ಲರಿಗಿಂತ ಹಿಂದೆ, ಕೆಸರಿನಲ್ಲಿ ಕೃತಕ ಕಾಲನ್ನು ಕಿತ್ತು ಕಿತ್ತು ಇಡುತ್ತ ಸೈಫ್ ಬಂದ.

ಮಹೀನ್ ಮುಚ್ಚಳ ತೆರೆದಳು. ಸೈಫ್ ತಂಗಿಯನ್ನು ನೋಡಿದ, ಸುಗತನನ್ನು ನೋಡಿದ, ಆಮೇಲೆ ನರೇಶನನ್ನು. ನರೇಶನ ತೊಡೆಯ ಮೇಲೆ ಹೋಳು ಇತ್ತು. ಸೈಫ್ ಕೈ ಚಾಚಿ ಚಕ್ರವನ್ನು ಹಿಡಿದು ಬಲವಾಗಿ ಜಗ್ಗಿದ. ಅದು ಗೂಡಿನಿಂದ ಕದಲಲಿಲ್ಲ.

"ಹೇಳು," ಎಂದ. "ಚಕ್ರ ಎಲ್ಲಿದೆ?"

ನರೇಶ್ ತಲೆ ತಗ್ಗಿಸಿದ. "ಮೇಲಿದೆ."

"ಇವ್ರಿಗೆಲ್ಲ ಕೇಳಿಸ್ಲಿಲ್ಲ."

"ಮೇಲಿದೆ! ಚಕ್ರ ಮೇಲೇ ಇತ್ತು. ಮೆಟ್ಟಿಲು ನಾನೇ ತುಂಬ್ಸಿದ್ದು. ಸೈಫ್‌ದು ತಪ್ಪಿರ್ಲಿಲ್ಲ."

ಹತ್ತು ಫೋನುಗಳು ಅದನ್ನು ಹಿಡಿದವು. ಸೈಫ್ ಹೋಳನ್ನು ಅವನ ತೊಡೆಯಿಂದ ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡ.

ಬೆಸ್ತರು ನರೇಶನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಅವನು ಮಹೀನ್‌ಳತ್ತ ತಿರುಗಿದ. "ನನ್ ಪ್ರಾಣ ಉಳಿಸಿದೆ."

"ನಿನ್ನ ಉಳಿಸೋಕ್ ತರ್ಲಿಲ್ಲ," ಎಂದಳು ಅವಳು. "ಹೇಳಿಸೋಕ್ ತಂದೆ. ಇನ್ನೂ ಬಹಳ ಕಡೆ ಹೇಳೋದಿದೆ ನೀನು."

ಮರುದಿನ ಸಂಜೆ ಶಿವಾಜಿನಗರದ ಮನೆಯಲ್ಲಿ ಆಬಿದಾ ಮಗಳ ಊದಿದ ಕೈಗಳಿಗೆ ಬಿಸಿನೀರಿನ ಬಟ್ಟೆ ಸುತ್ತುತ್ತಿದ್ದರು.

"ಅವನು ಅತ್ನಾ?" ಕೇಳಿದರು.

"ಅತ್ತ ಅಮ್ಮಿ."

"ನಿಂಗೆ ಸಾಕಾಯ್ತಾ?"

ಮಹೀನ್ ಯೋಚಿಸಿದಳು. "ಇಲ್ಲ. ಆದ್ರೆ ಹಸಿವಾಗ್ತಿದೆ."

ಬಹಳ ದಿನಗಳಿಂದ ಮಗಳ ಬಾಯಲ್ಲಿ ಆ ಮಾತು ಕೇಳಿರದ ತಾಯಿ ಎದ್ದು ತಟ್ಟೆ ತಂದರು.

ವಿಚಾರಣೆ ಮತ್ತೆ ತೆರೆಯಿತು. ಆ ಹೋಳನ್ನು ಪರೀಕ್ಷೆ ಮಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ವರದಿ ಬಂತು: ಪೈಲಟ್‌ನ ತಪ್ಪಿಲ್ಲ. ಇಂದಿರಾನಗರದ ಗಾಜಿನ ಆಫೀಸಿಗೆ ಬೀಗ ಬಿತ್ತು, ನರೇಶನ ಮೇಲೆ ಮೊಕದ್ದಮೆ ಹೂಡಲಾಯಿತು. ಮೊದಲ ವಿಚಾರಣೆಯ ದಿನ ಮಹೀನ್ ಕೋರ್ಟಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು, ಅವನು ಹೊರಗೆ ಹೋಗುವ ತನಕ ಅವನನ್ನೇ ನೋಡುತ್ತಿದ್ದಳು.

ಅಲ್ಲಿಂದ ಅವಳು ನೇರವಾಗಿ ಹೊರಮಾವಿನ ಶೆಡ್ಡಿಗೆ ಹೋದಳು. ಸುಗತ ಎಡ ರೆಕ್ಕೆಯ ಕೆಳಗೆ ಮಂಡಿಯೂರಿ ತೇಲುಬುಂಡೆಯ ಬಿರುಕಿಗೆ ಹೊಸ ಫೈಬರ್ ಬಟ್ಟೆ ಅಂಟಿಸುತ್ತಿದ್ದ. ಸೈಫ್ ಬಲಗಡೆಯ ಸೀಟಿನಲ್ಲಿ ಕೂತು, ಕೃತಕ ಕಾಲನ್ನು ಪೆಡಲಿನ ಮೇಲಿಟ್ಟು ಒತ್ತಿ ನೋಡುತ್ತಿದ್ದ.

"ಪೆಡಲು ಎರಡು ಬೆರಳು ಹತ್ರ ಬರ್ಬೇಕು ಮಹೀನ್," ಎಂದ. "ಆಮೇಲೆ ನಾನೇ ಹಾರಿಸ್ತೀನಿ."

ಅವಳು ಬುರ್ಖಾ ತೆಗೆದು ಮೊಳೆಗೆ ತೂಗುಹಾಕಿ, ಸ್ಪ್ಯಾನರ್ ಹುಡುಕತೊಡಗಿದಳು.